ಕಡಲ ದಂಡು, ಘಟ್ಟದ ಕೋಟೆ

ರೇಡಿಯೋ ವಾರ್ತೆಯಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ಭಾರತದ ನೌಕಾಪಡೆಯೂ ಒಂದು ಮಿತ್ರರಾಷ್ಟ್ರದ ನೌಕಾಪಡೆಯೂ ಕೂಡಿ ಸಮರಾಭ್ಯಾಸ ನಡೆಸಿದುವು. ಹಡಗಿನಿಂದ ದಂಡನ್ನು ದಡಕ್ಕೆ ಇಳಿಸುವ ಕ್ರಮವನ್ನು ಎರಡು ದೇಶಗಳ ಸೈನಿಕರೂ ಒಟ್ಟಿಗೆ ಅಭ್ಯಾಸ ಮಾಡಿದರು ಎಂದು. ಶತ್ರುವೇ ಇಲ್ಲದ ದಡದ ಮೇಲೆ ಇಳಿಯುವುದಕ್ಕೆ ಇಷ್ಟು ಹಣ, ಇಷ್ಟು ಶ್ರಮ ಏಕೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಒಂದು ಉತ್ತರ, ವಿಚಿತ್ರವೆಂದರೆ, ಕಡಲತೀರವೇ ಇಲ್ಲದ ಮೂರು ತಾಲ್ಲೂಕುಗಳ ಚರಿತ್ರೆಯಲ್ಲಿದೆ. ಅವೇ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ.

ಈ ಮೂರು ತಾಲ್ಲೂಕುಗಳಿಗೂ ಕಡಲಿಗೂ ಏನು ಸಂಬಂಧ? ಮೊದಲನೆಯದು ನೀರಿನ ಸಂಬಂಧ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗದ ಕಡೆಗೆ ಸಾಗಿ, ಗೇರುಸೊಪ್ಪೆಯ ಮೇಲೆ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಎರಡನೆಯದು ದಾರಿಯ ಸಂಬಂಧ. ಆಗುಂಬೆ, ಹೊಸಂಗಡಿ, ಕೊಲ್ಲೂರು, ಗೇರುಸೊಪ್ಪೆ ಈ ಘಟ್ಟಗಳಲ್ಲಿ ಮೆಣಸು, ಅಡಿಕೆ ಇಳಿಯುತ್ತಿದ್ದುವು. ಉಪ್ಪು, ಕುದುರೆ, ಹೊರದೇಶದ ಸರಕು ಏರುತ್ತಿದ್ದುವು. ಕೆಳದಿಯ ಅರಸರು ಕೆಳದಿಯಿಂದ ಇಕ್ಕೇರಿಗೂ, ಬಿಜಾಪುರದವರು ಇಕ್ಕೇರಿಯನ್ನು ಮುತ್ತಿದ ಮೇಲೆ ಬಿದನೂರಿಗೂ ರಾಜಧಾನಿಯನ್ನು ಬದಲಾಯಿಸಿದರು. ಎಲ್ಲಿದ್ದರೂ ಅವರ ಬೊಕ್ಕಸ ತುಂಬುತ್ತಿದ್ದುದು ಘಟ್ಟದ ಕೆಳಗಿನ ಬಂದರುಗಳಿಂದ. ಆ ಬಿದನೂರೇ ಇಂದಿನ ಹೊಸನಗರ ತಾಲ್ಲೂಕಿನ ನಗರ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಗೆ ಸಾಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯಲ್ಲಿ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡ. ರಾಯಭಾರಿ ಬಂದ ದಾರಿಯಲ್ಲಿ ದಂಡೂ ಬರಬಹುದಲ್ಲವೆ?

ಆ ಭಯ ಹೊಸದಾಗಿರಲಿಲ್ಲ. 1568-69ರಲ್ಲೇ ಪೋರ್ಚುಗೀಸರು ಹಡಗಿನಲ್ಲಿ ಬಂದು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ನೆಲೆಯೂರಿದ್ದರು. ಅವರನ್ನು ಆ ಕೋಟೆಗಳಿಂದ ಹೊರಡಿಸಿದವನು ಶಿವಪ್ಪನಾಯಕ. 1652ರಿಂದ 1654ರೊಳಗೆ, ಡಚ್ಚರೊಡನೆ ಯುದ್ಧದಲ್ಲಿ ಪೋರ್ಚುಗೀಸರ ಕೈ ಕಟ್ಟಿಹೋಗಿದ್ದ ಸಮಯ ನೋಡಿ, ಆತ ಕರಾವಳಿಯ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡ. ಅದಾದ ಹತ್ತೇ ವರ್ಷಕ್ಕೆ, 1665ರ ಫೆಬ್ರವರಿಯಲ್ಲಿ, ಶಿವಾಜಿ ಮಾಲವಣದಿಂದ ಹಡಗುಗಳಲ್ಲಿ ಬಂದು ಬಸರೂರನ್ನು ಕೊಳ್ಳೆ ಹೊಡೆದು, ಗೋಕರ್ಣದ ಮಾರ್ಗವಾಗಿ ಹಿಂದಿರುಗಿದ. ಬಂದದ್ದೂ ಬೇಗ, ಹೋದದ್ದೂ ಬೇಗ. ಆತ ಘಟ್ಟ ಹತ್ತುವ ಯೋಚನೆ ಮಾಡಲಿಲ್ಲ. ಕಡಲಿಂದ ಇಳಿದ ದಂಡಿಗೆ ಹಡಗೇ ಉಗ್ರಾಣ, ಹಡಗೇ ಆಸ್ಪತ್ರೆ, ಹಡಗೇ ಹಿಂದಿರುಗುವ ದಾರಿ. ಹಡಗಿನಿಂದ ದೂರ ಹೋದಷ್ಟೂ ಅದರ ಬಲ ಕುಗ್ಗುತ್ತದೆ.

1763ರಲ್ಲಿ ಬಿದನೂರು ಹೈದರ್ ಅಲಿಯ ಕೈಸೇರಿ ಹೈದರ್‌ನಗರವಾಯಿತು. ಅದರೊಡನೆ ಕರಾವಳಿಯೂ ಬಂತು. ಹೈದರ್ ಮಂಗಳೂರಿನಲ್ಲಿ ಹಡಗು ಕಟ್ಟಿಸಿದ. ಆದರೆ ನೌಕಾಪಡೆಯ ಮೇಲೆ ಅಧಿಕಾರಿಯಾಗಿ ನೇಮಿಸಿದ್ದು ಕುದುರೆ ದಂಡಿನವನೊಬ್ಬನನ್ನು. ಹಡಗಿನ ಕಪ್ತಾನರಿಗೆ ಇದು ಸಹಿಸಲಿಲ್ಲ. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ಹಡಗುಗಳು ಬಂದಾಗ ಆ ಕಪ್ತಾನರು ಹಡಗುಗಳ ಸಹಿತ ಶತ್ರುವಿನ ಕಡೆಗೆ ಹೋದರು. ಮಂಗಳೂರು ಸುಲಭವಾಗಿ ಬಿತ್ತು. ಎರಡು ಮೂರು ತಿಂಗಳೊಳಗೆ ಹೈದರನೂ ಅವನ ಮಗ ಟಿಪ್ಪುವೂ ಅದನ್ನು ಹಿಂದಕ್ಕೆ ಪಡೆದಾಗ, ಇಂಗ್ಲಿಷರು ತಮ್ಮ ರೋಗಿಗಳನ್ನೂ ಗಾಯಾಳುಗಳನ್ನೂ ದಡದಲ್ಲೇ ಬಿಟ್ಟು ಹಡಗು ಹತ್ತಿ ಓಡಿದರು. ನೆಲದವರಿಗೂ ನೀರಿನವರಿಗೂ ಹೊಂದಿಕೆಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಒಂದೇ ವರ್ಷದಲ್ಲಿ ಎರಡು ಪಕ್ಷದವರೂ ಕಂಡರು. ಕಂಡರು, ಆದರೆ ಕಲಿಯಲಿಲ್ಲ.

ಹದಿನೈದು ವರ್ಷಗಳ ಮೇಲೆ ದೊಡ್ಡ ಪರೀಕ್ಷೆ ಬಂತು. ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ತೀರಿಕೊಂಡ. ಟಿಪ್ಪು ದೂರದ ಪೂರ್ವಸೀಮೆಯಲ್ಲಿದ್ದ ದೊಡ್ಡ ದಂಡನ್ನು ಸೇರಿಕೊಳ್ಳಲು ಹೋದ. ಮುಂಬಯಿ ಸರ್ಕಾರದ ಸೇನಾಪತಿ ಜನರಲ್ ಮ್ಯಾಥ್ಯೂಸ್ ಆಗಲೇ ಕುಮಟೆಯ ಹತ್ತಿರ ದಂಡನ್ನು ಇಳಿಸಿದ್ದ. 1783ರ ಜನವರಿಯ ಮೊದಲ ವಾರದಲ್ಲಿ ಹೊನ್ನಾವರ ಬಿತ್ತು. ಮೊದಲು ಕರಾವಳಿಯನ್ನು ಭದ್ರಪಡಿಸಿಕೊಳ್ಳಬೇಕೆಂಬುದು ಮ್ಯಾಥ್ಯೂಸನ ಅಭಿಪ್ರಾಯ. ಹೈದರನ ಮರಣದ ಸುದ್ದಿ ಕೇಳಿದ ಮುಂಬಯಿಯವರು, ಉಳಿದದ್ದನ್ನೆಲ್ಲ ಬಿಟ್ಟು ನೇರ ಬಿದನೂರಿಗೆ ನಡೆ ಎಂದು ಆಜ್ಞೆ ಕಳುಹಿಸಿದರು. ಆಕ್ಷೇಪಿಸುತ್ತಲೇ ಮ್ಯಾಥ್ಯೂಸ್ ಕುಂದಾಪುರಕ್ಕೆ ಬಂದ. ಅಲ್ಲಿಂದ ಹೊಸಂಗಡಿ ಘಟ್ಟ ಹತ್ತಿದ.

ಈಗ ಹುಲಿಕಲ್ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡುವವರಿಗೆ ಆ ಏರಿನ ಕಷ್ಟ ಸ್ವಲ್ಪ ಊಹೆಗೆ ಬರುತ್ತದೆ. ಕಾಡಿನ ದಾರಿಯುದ್ದಕ್ಕೂ ಒಂದರ ಮೇಲೊಂದು ಉಕ್ಕಡ, ತುದಿಯಲ್ಲಿ ಹೈದರ್‌ಗಡ. ಕಾಯುವವರು ದೃಢವಾಗಿ ನಿಂತಿದ್ದರೆ ದಂಡು ಅಲ್ಲೇ ಕರಗುತ್ತಿತ್ತು. ಆದರೆ ಬಿದನೂರಿನ ಅಧಿಕಾರಿ ಅಯಾಜನಿಗೂ ಟಿಪ್ಪುವಿಗೂ ಮೊದಲಿನಿಂದ ಸರಿಯಿರಲಿಲ್ಲ. ಹೊಸ ಒಡೆಯ ತನ್ನ ತಲೆ ಉಳಿಸುವನೆಂಬ ನಂಬಿಕೆ ಅವನಿಗಿರಲಿಲ್ಲ. ಜನವರಿಯ ಕೊನೆಯಲ್ಲಿ ಆತ ಹೋರಾಟವಿಲ್ಲದೆ ರಾಜಧಾನಿಯನ್ನು ಒಪ್ಪಿಸಿಬಿಟ್ಟ. ತೀರ್ಥಹಳ್ಳಿ ಸೀಮೆಯ ಕವಲೇದುರ್ಗವೂ ಸಾಗರ ಸೀಮೆಯ ಅನಂತಪುರವೂ, ಎಂದರೆ ಇಂದಿನ ಆನಂದಪುರವೂ, ಇಂಗ್ಲಿಷರ ವಶವಾದುವು. ಅನಂತಪುರದ ಕೋಟೆ ಹಿಡಿದಾಗ ನಡೆದ ಹತ್ಯೆಯ ವಿಚಾರ ಲಂಡನ್ನಿನಲ್ಲಿ ಅಚ್ಚಾದ ಬರಹಗಳಲ್ಲೂ ವಾದಕ್ಕೆ ಕಾರಣವಾಯಿತು. ಮಾರ್ಚ್ 9ರಂದು ಮಂಗಳೂರು ಶರಣಾಯಿತು.

ನಕ್ಷೆಯ ಮೇಲೆ ನೋಡಿದರೆ ಇದೊಂದು ಅದ್ಭುತ ವಿಜಯ. ಒಳಗೆ ನೋಡಿದರೆ ಬೇರೆ. ಆ ದಂಡಿನಲ್ಲಿ ಕಂಪನಿಯ ಮುಂಬಯಿ ಸಿಪಾಯಿಗಳೂ ಇದ್ದರು. ಇಂಗ್ಲೆಂಡಿನ ದೊರೆಯ ಪಲ್ಟಣಗಳೂ ಇದ್ದುವು. ಬಿದನೂರಿನ ಬೊಕ್ಕಸದಲ್ಲಿ ಯಾರ ಪಾಲು ಎಷ್ಟು ಎಂಬ ಜಗಳ ಹತ್ತಿತು. ದೊರೆಯ ಪಲ್ಟಣದ ಮೂವರು ಹಿರಿಯ ಅಧಿಕಾರಿಗಳು ದಂಡನ್ನು ಬಿಟ್ಟು ಮುಂಬಯಿಗೆ ದೂರು ಒಯ್ದರು. ಮುಂಬಯಿಯವರು ಮ್ಯಾಥ್ಯೂಸನನ್ನು ತೆಗೆದು, ದೂರಿತ್ತವರಲ್ಲೇ ಒಬ್ಬನಾದ ಮ್ಯಾಕ್ಲೌಡನನ್ನು ಸೇನಾಪತಿ ಮಾಡಿ ಹಡಗಿನಲ್ಲಿ ಹಿಂದಕ್ಕೆ ಕಳುಹಿಸಿದರು. ದಾರಿಯಲ್ಲಿ ಮರಾಠರ ಹಡಗುಗಳು ಆ ಹಡಗನ್ನು ಹಿಡಿದುವು. ಮರಾಠರಿಗೂ ಇಂಗ್ಲಿಷರಿಗೂ ಸಾಲ್‌ಬಾಯಿಯ ಸಂಧಿಯಾಗಿದ್ದ ಕಾಲದಲ್ಲೇ ಈ ಕಾಳಗ ನಡೆಯಿತು! ಘಟ್ಟದ ಮೇಲಿನ ದಂಡಿಗೆ ಹೊಸ ಸೇನಾಪತಿ ಬರಲಿಲ್ಲ. ಹಳಬನ ಮಾತಿಗೆ ಬೆಲೆ ಉಳಿಯಲಿಲ್ಲ. ಇದ್ದ ಸೈನ್ಯವೂ ಹತ್ತಾರು ಸಣ್ಣ ಕೋಟೆಗಳಲ್ಲಿ ಚೆದರಿತ್ತು.

ಏಪ್ರಿಲಿನಲ್ಲಿ ಟಿಪ್ಪು ಬಂದ. ಕವಲೇದುರ್ಗ, ಅನಂತಪುರಗಳನ್ನು ಹಿಂದಕ್ಕೆ ಪಡೆದ. ಬಿದನೂರನ್ನು ಮುತ್ತುವುದರ ಜೊತೆಗೆ ಘಟ್ಟದ ದಾರಿಯನ್ನೂ ಹಿಡಿದ. ಅಲ್ಲಿಗೆ ಕೆಲಸ ಮುಗಿದಂತೆಯೇ ಆಯಿತು. ಕುಂದಾಪುರದ ಅಳಿವೆಯಲ್ಲಿ ಎಷ್ಟು ಹಡಗು ನಿಂತಿದ್ದರೇನು, ಅಕ್ಕಿಯ ಮೂಟೆಯೊಂದು ಘಟ್ಟ ಏರಲಾರದೆ ಹೋದ ಮೇಲೆ? ಏಪ್ರಿಲ್ ಕೊನೆಯಲ್ಲಿ ಮ್ಯಾಥ್ಯೂಸ್ ಶರಣಾದ. ಕರಾವಳಿಗೆ ಇಳಿದುಹೋಗಲು ಬಿಡುವುದೆಂದು ಒಪ್ಪಂದವಿತ್ತು. ಬೊಕ್ಕಸದ ಹಣವನ್ನು ಸೈನಿಕರು ಹಂಚಿಕೊಂಡು ಒಪ್ಪಂದ ಮುರಿದರೆಂದು ಟಿಪ್ಪು ಅವರನ್ನು ಸೆರೆಗೆ ಕಳುಹಿಸಿದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಡಲಿಗೆ ಮುಖ ಮಾಡಿದ್ದ ಕೋಟೆಗಳ ಪಾಡು ಹೀಗಾಗಲಿಲ್ಲ. ಹೊನ್ನಾವರದಲ್ಲಿ ಕ್ಯಾಪ್ಟನ್ ಟೊರಿಯಾನೊ ಯುದ್ಧ ಮುಗಿಯುವವರೆಗೂ ನಿಂತ. ಮಂಗಳೂರಿನಲ್ಲಿ ಕರ್ನಲ್ ಕ್ಯಾಂಪ್‌ಬೆಲ್ 1783ರ ಮೇ ತಿಂಗಳಿಂದ 1784ರ ಜನವರಿ 30ರವರೆಗೆ ಮುತ್ತಿಗೆಯನ್ನು ತಡೆದ. ಮಳೆಗಾಲದ ಬಿರುಗಡಲಿನಲ್ಲಿ ಹಡಗುಗಳು ಹತ್ತಿರ ಸುಳಿಯಲಾರದೆ, ಆಮೇಲೆ ಬಂದ ದಿನಸಿಯೂ ಸಾಲದೆ, ಕೊನೆಗೆ ಅವನೂ ಕೋಟೆ ಬಿಡಬೇಕಾಯಿತು. ಆದರೂ ಅವನ ಸೈನಿಕರು ಸೆರೆಯಾಗದೆ ಹೊರನಡೆದರು.

ಇನ್ನು ಟಿಪ್ಪುವಿನ ಪಕ್ಷ. ಅವನಿಗೂ ಒಬ್ಬ ಮಿತ್ರನಿದ್ದ, ಫ್ರಾನ್ಸ್. 1782ರಲ್ಲಿ ಫ್ರೆಂಚರು ಪೂರ್ವಕರಾವಳಿಯ ಪೋರ್ಟೊನೋವೋದಲ್ಲಿ ದಂಡನ್ನು ಇಳಿಸಿ, ಮೈಸೂರಿನವರೊಡನೆ ಕೂಡಿ ಕಡಲೂರನ್ನು ಹಿಡಿದಿದ್ದರು. ಆದರೆ ಹೈದರ್ ಕರೆದಾಗ ಅವರ ಸೇನಾಪತಿ ದುಷೆಮೆ ಕಾಳಗಕ್ಕೆ ಒಪ್ಪಲಿಲ್ಲ. ನಮ್ಮ ಹಿರಿಯ ಸೇನಾಪತಿ ಬರಲಿ ಎಂದ. ಒಬ್ಬನು ಹೊಡೆಯೋಣವೆಂದಾಗ ಇನ್ನೊಬ್ಬನು ಕಾಯೋಣವೆಂದ. ಮುಂದೆ ಕೊಸಿನ್ಯಿಯ ಕೈಕೆಳಗಿನ ಫ್ರೆಂಚ್ ಪಡೆ ಟಿಪ್ಪುವಿನೊಡನೆ ಬಿದನೂರಿಗೂ ಮಂಗಳೂರಿಗೂ ಬಂತು. ಮಂಗಳೂರಿನ ಗೋಡೆ ಇನ್ನೇನು ಬೀಳಬೇಕು ಎನ್ನುವಾಗ, ಜುಲೈ ತಿಂಗಳಲ್ಲಿ, ಯೂರೋಪಿನಿಂದ ಸುದ್ದಿ ಬಂತು: ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾಗಿದೆ. ಸಂಧಿಯ ಮೊದಲ ಕರಾರಿಗೆ ಜನವರಿ 20ರಂದೇ ಸಹಿ ಬಿದ್ದಿತ್ತು. ಆರು ತಿಂಗಳ ಕಾಲ, ಯೂರೋಪಿನಲ್ಲಿ ಮುಗಿದುಹೋದ ಜಗಳಕ್ಕಾಗಿ ಕರಾವಳಿಯಲ್ಲಿ ಜನ ಸಾಯುತ್ತಿದ್ದರು. ಫ್ರೆಂಚರು ತಮ್ಮ ತೋಪುಗಳನ್ನು ನಿಲ್ಲಿಸಿ ಪಕ್ಕಕ್ಕೆ ಸರಿದರು. ಟಿಪ್ಪುವಿನ ಕೋಪ ಹೇಳತೀರದು. ಆದರೆ ಯಾವ ಹೊತ್ತಿನವರೆಗೆ, ಯಾರ ಆಜ್ಞೆಯ ಮೇಲೆ, ಯಾವ ಗುರಿಗಾಗಿ ಒಟ್ಟಿಗೆ ಹೋರಾಡುವುದು ಎಂಬುದನ್ನು ಆ ಮಿತ್ರರು ಮೊದಲೇ ನಿಶ್ಚಯಿಸಿಕೊಂಡಿರಲಿಲ್ಲ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಎರಡು ಪಕ್ಷವೂ ಗೆದ್ದದ್ದನ್ನು ಹಿಂದಿರುಗಿಸಿದುವು. ನಡುವೆ ಹಾಳಾದದ್ದು ಮಲೆನಾಡಿನ ಊರುಗಳು.

ಈಗ ಆರಂಭದ ಪ್ರಶ್ನೆಗೆ ಬರೋಣ. ಜಂಟಿ ಅಭ್ಯಾಸದಲ್ಲಿ ಕಲಿಯುವುದೇನು? ಯಾವ ಸಾಮಾನು ದಡದಲ್ಲಿ ಮೊದಲು ಬೇಕೋ ಅದನ್ನು ಹಡಗಿಗೆ ಕೊನೆಯಲ್ಲಿ ತುಂಬುವುದು. ಉಬ್ಬರ ಇಳಿತದ ವೇಳೆ ನೋಡುವುದು. ಒಬ್ಬರ ಸಂಕೇತ ಇನ್ನೊಬ್ಬರಿಗೆ ತಿಳಿಯುವಂತೆ ಮಾಡುವುದು. ದಡ ಸೇರಿದ ಮೇಲೆ ಯಾರ ಮಾತು ನಡೆಯಬೇಕೆಂದು ಮೊದಲೇ ಗೊತ್ತುಮಾಡುವುದು. ಗಾಯಾಳುಗಳನ್ನು ಯಾರು, ಹೇಗೆ ಹಿಂದಕ್ಕೆ ಒಯ್ಯಬೇಕೆಂದು ನಿಶ್ಚಯಿಸುವುದು. 1768ರಲ್ಲೂ 1783ರಲ್ಲೂ ಕೆಟ್ಟದ್ದು ಇಂಥ ಸಣ್ಣ ಸಂಗತಿಗಳೇ. ಧೈರ್ಯಕ್ಕೆ ಯಾವ ಪಕ್ಷದಲ್ಲೂ ಕೊರತೆಯಿರಲಿಲ್ಲ.

ಚರಿತ್ರೆ ಎಷ್ಟು ತಿರುಗುತ್ತದೆ ನೋಡಿ. ಅಂದು ಮಂಗಳೂರಿನ ಮುಂದೆ ನಡುವಿನಲ್ಲೇ ಕೈಬಿಟ್ಟ ಫ್ರಾನ್ಸಿನ ನೌಕಾಪಡೆ 1993ರಿಂದ ಭಾರತದ ನೌಕಾಪಡೆಯೊಡನೆ ಕೂಡಿ ಅಭ್ಯಾಸ ನಡೆಸುತ್ತ ಬಂದಿದೆ. 2001ರಲ್ಲಿ ಅದಕ್ಕೆ ‘ವರುಣ’ ಎಂಬ ಹೆಸರಾಯಿತು. ಕಾರವಾರದಲ್ಲಿ 2005ರಲ್ಲಿ ಆರಂಭವಾದ ನೌಕಾನೆಲೆಗೆ ಬನವಾಸಿಯ ಅರಸರ ನೆನಪಿಗೆ ‘ಕದಂಬ’ವೆಂದು ಹೆಸರು. ದಂಡನ್ನು ದಡಕ್ಕೆ ಇಳಿಸುವ ಅಭ್ಯಾಸವಂತೂ 2019ರ ನವೆಂಬರಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳಲ್ಲಿ ಅಮೆರಿಕದೊಡನೆ ನಡೆಯಿತು. ‘ಟೈಗರ್ ಟ್ರಯಂಫ್’ ಎಂಬ ಆ ಅಭ್ಯಾಸದಲ್ಲಿ ಭಾರತದ ಮೂರು ಪಡೆಗಳೂ ಸೇರಿದ್ದುವು. ಅದರ ಗುರಿ ಮುಖ್ಯವಾಗಿ ಬಿರುಗಾಳಿ, ಪ್ರವಾಹಗಳಲ್ಲಿ ಸಿಕ್ಕಿದವರಿಗೆ ನೆರವು ಒಯ್ಯುವುದು. ಆ ವಿದ್ಯೆ ಬರಿಯ ಕಾಗದದ ಮೇಲೆ ಉಳಿದಿಲ್ಲ. ಸೈನ್ಯವನ್ನು ದಡಕ್ಕೆ ಇಳಿಸುವುದಕ್ಕೆಂದೇ ಇರುವ ‘ಜಲಾಶ್ವ’ ಹಡಗು 2020ರ ಮೇ ತಿಂಗಳಲ್ಲಿ, ಕೊರೊನಾ ರೋಗದ ಕಾಲದಲ್ಲಿ, ಮಾಲ್ಡೀವ್ಸಿನಿಂದ 698 ಮಂದಿ ಭಾರತೀಯರನ್ನು ಕೊಚ್ಚಿಗೆ ಕರೆತಂದಿತು.

ಅಭ್ಯಾಸ ಮಾಡಿದ ಮಾತ್ರಕ್ಕೆ ಮೈತ್ರಿ ಶಾಶ್ವತವಾಗುವುದೆಂದು ಯಾರೂ ಹೇಳಲಾರರು. ರಾಷ್ಟ್ರಗಳ ಹಿತ ಬದಲಾದಂತೆ ಸ್ನೇಹವೂ ಬದಲಾಗುತ್ತದೆ. ಟಿಪ್ಪು ಕಂಡ ಸತ್ಯ ಇಂದಿಗೂ ಸತ್ಯವೇ. ಆದರೆ ಮಿತ್ರನ ಮಿತಿ ಎಷ್ಟು, ತನ್ನ ಮಿತಿ ಎಷ್ಟು ಎಂಬುದನ್ನು ಶಾಂತಿಯ ದಿನಗಳಲ್ಲಿ ತಿಳಿದುಕೊಂಡರೆ ಹೋಗುವುದು ಬೆವರು. ಯುದ್ಧದ ನಡುವೆ ತಿಳಿದುಕೊಂಡರೆ ಹೋಗುವುದು ಪ್ರಾಣ. ಜನ ಶಿವಪ್ಪನಾಯಕನ ಕೋಟೆಯೆಂದು ಕರೆಯುವ ನಗರದ ಕೋಟೆಯನ್ನು ನೋಡಲು ಹೋದವರು ಕಲ್ಲಿನ ಗೋಡೆಯನ್ನೂ ಕೊಳವನ್ನೂ ನೋಡಿ ಹಿಂದಿರುಗುತ್ತಾರೆ. ಒಮ್ಮೆ ಪಡುವಣ ದಿಕ್ಕಿನ ಘಟ್ಟದ ಸಾಲನ್ನೂ ನೋಡಬೇಕು. ಆ ಕೋಟೆಯ ಭಾಗ್ಯ ನಿರ್ಣಯವಾದದ್ದು ಅದರ ಗೋಡೆಯಷ್ಟೇ, ಆ ಘಟ್ಟದ ದಾರಿಯಲ್ಲೂ ಅದರ ಕೆಳಗಿನ ಕಡಲಿನಲ್ಲೂ.