ಲೆಕ್ಕ ಬರೆದಿಡುವ ಜಾಗ: ಮ್ಯಾಲಾಕ್ ವಿನ್ಯಾಸದಲ್ಲಿ ಮೆಟಾಡೇಟಾದ ಸ್ಥಾನ

ಸಿ ಭಾಷೆಯ ಪ್ರೋಗ್ರಾಮು ಓಡುತ್ತಿರುವಾಗ ಮೆಮೊರಿ ಕೇಳಿ ಪಡೆಯುವುದು ಮ್ಯಾಲಾಕ್ ಮೂಲಕ, ಹಿಂದಿರುಗಿಸುವುದು ಫ್ರೀ ಮೂಲಕ. ಕೇಳುವಾಗ ಎಷ್ಟು ಬೈಟ್ ಬೇಕೆಂದು ಹೇಳಬೇಕು. ಹಿಂದಿರುಗಿಸುವಾಗ ವಿಳಾಸವೊಂದನ್ನು ಕೊಟ್ಟರೆ ಸಾಕು. ಗಾತ್ರವನ್ನು ಬಳಕೆದಾರ ಹೇಳದಿದ್ದರೆ, ಮೆಮೊರಿ ಹಂಚುವ ಅಲೋಕೇಟರೇ ಅದನ್ನು ಎಲ್ಲೋ ಬರೆದಿಟ್ಟುಕೊಂಡಿರಬೇಕು. ಗೋದಾಮಿನವನು ಪ್ರತಿ ಮೂಟೆಯ ಮೇಲೇ ತೂಕ ಬರೆಯಬಹುದು, ಇಲ್ಲವೇ ಖಾತೆ ಪುಸ್ತಕದಲ್ಲಿ ಬರೆದಿಡಬಹುದು. ಅಲೋಕೇಟರ್‌ಗಳ ಅಧ್ಯಯನಗಳಲ್ಲಿ ಬಹುಪಾಲು ಚರ್ಚೆ ನಡೆದಿರುವುದು ಯಾವ ಖಾಲಿ ತುಂಡನ್ನು ಆರಿಸಿ ಕೊಡಬೇಕು ಎಂಬುದರ ಸುತ್ತ. ಈ ಲೆಕ್ಕವನ್ನು, ಅಂದರೆ ಮೆಟಾಡೇಟಾವನ್ನು, ಎಲ್ಲಿ ಬರೆದಿಡಬೇಕು ಎಂಬ ಪ್ರಶ್ನೆ ಅದಕ್ಕಿಂತ ಹೆಚ್ಚು ನಿರ್ಣಾಯಕವಾಗಿತ್ತು ಎಂಬುದು ಈ ಲೇಖನದ ವಾದ.

ಮೂಟೆಯ ಮೇಲೇ ಬರೆಯುವ ಪದ್ಧತಿಗೆ ಶಾಸ್ತ್ರೀಯ ರೂಪ ಕೊಟ್ಟವರು ಡೊನಾಲ್ಡ್ ನೂತ್. ಅವರು 1962ರಲ್ಲಿ ರೂಪಿಸಿದ ಬೌಂಡರಿ ಟ್ಯಾಗ್ ವಿಧಾನ 1968ರಲ್ಲಿ ಅವರ ಮಹಾಗ್ರಂಥದ ಮೊದಲ ಸಂಪುಟದಲ್ಲಿ ಪ್ರಕಟವಾಯಿತು. ಪ್ರತಿ ತುಂಡಿನ ಎರಡೂ ತುದಿಗಳಲ್ಲಿ ಗುರುತು ಇದ್ದರೆ, ಒಂದು ತುಂಡು ಖಾಲಿಯಾದಾಗ ಅದರ ಅಕ್ಕಪಕ್ಕದ ತುಂಡುಗಳೂ ಖಾಲಿ ಇವೆಯೇ ಎಂದು ಪಟ್ಟಿಯನ್ನು ಹುಡುಕದೆ ಕೂಡಲೇ ತಿಳಿಯುತ್ತದೆ, ಮೂರನ್ನೂ ಒಂದಾಗಿ ಬೆಸೆಯಬಹುದು. ಡಗ್ ಲೀ 1987ರಲ್ಲಿ ಬರೆಯಲು ತೊಡಗಿದ ಡಿಎಲ್‌ಮ್ಯಾಲಾಕ್ ಇದನ್ನೇ ಆಧರಿಸಿತು. ಅದರಿಂದ ಹುಟ್ಟಿದ ಪಿಟಿಮ್ಯಾಲಾಕ್ ಮೂಲಕ ಈ ವಿನ್ಯಾಸ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಗೆ ಬಂದು ಇಂದಿಗೂ ಅಲ್ಲಿ ನೆಲೆಸಿದೆ.

64 ಬಿಟ್ ಯಂತ್ರದಲ್ಲಿ ಜಿಲಿಬ್‌ಸಿ ಕೊಡುವ ಪ್ರತಿ ತುಂಡಿನ ಮುಂದೆ 8 ಬೈಟ್‌ಗಳ ಗಾತ್ರ ನಮೂದು (ಹೆಡರ್) ಇರುತ್ತದೆ. ಗಾತ್ರಗಳೆಲ್ಲ 16ರ ಅಪವರ್ತ್ಯಗಳಾದ್ದರಿಂದ ಅದರ ಕೊನೆಯ ಬಿಟ್‌ಗಳಿಗೆ ಬೇರೆ ಕೆಲಸವಿರುವುದಿಲ್ಲ. ಅವುಗಳಲ್ಲಿ ಒಂದು ಹಿಂದಿನ ತುಂಡು ಬಳಕೆಯಲ್ಲಿದೆಯೇ ಎಂಬುದನ್ನು ಹೇಳುತ್ತದೆ. ಹಿಂದಿನದು ಖಾಲಿಯಿದ್ದಾಗ ಮಾತ್ರ ಅದರ ಗಾತ್ರವನ್ನು ಅದರದೇ ಕೊನೆಯ 8 ಬೈಟ್‌ಗಳಲ್ಲಿ ಬರೆಯಲಾಗುತ್ತದೆ. ಖಾಲಿ ತುಂಡುಗಳನ್ನು ಪೋಣಿಸುವ ಪಾಯಿಂಟರ್‌ಗಳೂ ಬಳಕೆದಾರನ ದತ್ತಾಂಶ ಇದ್ದ ಜಾಗದಲ್ಲೇ ಕೂರುತ್ತವೆ. ಒಂದೂ ಬೈಟ್ ವ್ಯರ್ಥವಾಗಬಾರದೆಂಬ ಈ ಎಚ್ಚರ ಮೆಚ್ಚತಕ್ಕದ್ದು. ಆದರೂ ಅತ್ಯಂತ ಚಿಕ್ಕ ತುಂಡು 32 ಬೈಟ್‌ಗಿಂತ ಕಿರಿದಾಗಲಾರದು. 24 ಬೈಟ್ ಕೇಳಿದರೆ 32, 25 ಕೇಳಿದರೆ 48 ಖರ್ಚಾಗುತ್ತದೆ. 16 ಬೈಟ್‌ಗಳ 10 ಲಕ್ಷ ನೋಡ್‌ಗಳಿರುವ ಪಟ್ಟಿಗೆ 1.6 ಕೋಟಿ ಬೈಟ್ ಬದಲು 3.2 ಕೋಟಿ ಬೈಟ್ ಬೇಕು. ಗಾತ್ರಕ್ಕೊಂದು ಪುಟ ಮೀಸಲಿಟ್ಟು, ತುಂಡಿಗೊಂದು ಬಿಟ್‌ನಂತೆ ಬೇರೆಡೆ ಲೆಕ್ಕವಿಟ್ಟರೆ ದತ್ತಾಂಶದ ಮೇಲೆ ಬೀಳುವ ಹೊರೆ ಸುಮಾರು 1.25 ಲಕ್ಷ ಬೈಟ್ ಮಾತ್ರ.

ಖಾಲಿ ಜಾಗ ಚೂರುಚೂರಾಗಿ ಉಳಿದು ಉಪಯೋಗಕ್ಕೆ ಬಾರದಿರುವ ಫ್ರಾಗ್ಮೆಂಟೇಶನ್ ಬಗ್ಗೆ ಇರುವ ಭಯಕ್ಕೆ ಹೋಲಿಸಿದರೆ ಲೆಕ್ಕದ ಈ ಖರ್ಚು ಸಣ್ಣ ವಿಷಯವೆನಿಸಬಹುದು. ಜೆ. ಎಂ. ರಾಬ್ಸನ್ 1970ರ ದಶಕದಲ್ಲಿ ಸಾಧಿಸಿದ ಮಿತಿ ಕಟುವಾದುದು: ತುಂಡುಗಳನ್ನು ಸ್ಥಳಾಂತರಿಸದ ಯಾವುದೇ ಅಲೋಕೇಟರ್‌ಗೆ, ಕೋರಿಕೆಗಳು 2ರ ಘಾತಗಳಾಗಿದ್ದು 1ರಿಂದ 1024 ಮಾನಗಳವರೆಗೆ ಇದ್ದರೆ, ತೀರಾ ಕೆಟ್ಟ ಸಂದರ್ಭದಲ್ಲಿ ಬಳಕೆಯಲ್ಲಿರುವುದರ ಸುಮಾರು 6 ಪಟ್ಟು ಮೆಮೊರಿ ಬೇಕಾಗುತ್ತದೆ. ಆದರೆ ಮಾರ್ಕ್ ಜಾನ್‌ಸ್ಟನ್ ಮತ್ತು ಪಾಲ್ ವಿಲ್ಸನ್ 1998ರಲ್ಲಿ ನಿಜವಾದ ಪ್ರೋಗ್ರಾಮುಗಳನ್ನು ಅಳೆದು ನೋಡಿದಾಗ, ಒಳ್ಳೆಯ ಆಯ್ಕೆ ನೀತಿ ಇದ್ದಲ್ಲಿ ಈ ನಷ್ಟ ಅತ್ಯಲ್ಪವೆಂದು ಕಂಡುಬಂತು. ಹೆಡರ್‌ನ ಖರ್ಚನ್ನು ಅವರು ಬೇರೆಯಾಗಿಯೇ ಲೆಕ್ಕ ಹಾಕಿದ್ದರು. ಆ ವಿಂಗಡಣೆಯೇ ಅವರ ಅಧ್ಯಯನದ ದೊಡ್ಡ ಕೊಡುಗೆ ಎಂದು ನಾನು ಭಾವಿಸುತ್ತೇನೆ.

ನಿಜವಾದ ಬೆಲೆ ತೆರಬೇಕಾಗಿ ಬಂದದ್ದು ಭದ್ರತೆಯಲ್ಲಿ. ಬಳಕೆದಾರನ ಬಫರಿನ ಬದಿಯಲ್ಲೇ ಅಲೋಕೇಟರ್‌ನ ಲೆಕ್ಕವಿದ್ದರೆ, ಬಫರ್ ತುಂಬಿ ಹೊರಚೆಲ್ಲಿದ ಬೈಟ್‌ಗಳು ಬೀಳುವುದು ಅದರ ಮೇಲೆಯೇ. ಸೋಲಾರ್ ಡಿಸೈನರ್ ಎಂಬ ಹೆಸರಿನಿಂದ ಪರಿಚಿತರಾದ ಸಂಶೋಧಕರು ಇದನ್ನು 2000ದಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ನ ಜೆಪೆಗ್ ದೋಷದ ಮೂಲಕ ತೋರಿಸಿಕೊಟ್ಟರು. ಖಾಲಿ ತುಂಡನ್ನು ಪಟ್ಟಿಯಿಂದ ಬಿಡಿಸುವಾಗ ಅದರ ಹಿಂದಿನದಕ್ಕೂ ಮುಂದಿನದಕ್ಕೂ ಪರಸ್ಪರ ಪಾಯಿಂಟರ್ ಬರೆಯಬೇಕು. ಆ ಎರಡೂ ಪಾಯಿಂಟರ್‌ಗಳು ದಾಳಿಕೋರನವಾಗಿದ್ದರೆ, ಅವನು ಹೇಳಿದ ಮೌಲ್ಯವನ್ನು ಅವನು ಹೇಳಿದ ವಿಳಾಸದಲ್ಲಿ ಅಲೋಕೇಟರೇ ಬರೆದುಕೊಡುತ್ತದೆ. ಜಿಲಿಬ್‌ಸಿ 2004ರಲ್ಲಿ, ಎರಡೂ ನೆರೆಯವರು ಈ ತುಂಡನ್ನೇ ತೋರಿಸುತ್ತಿದ್ದಾರೆಯೇ ಎಂಬ ತಪಾಸಣೆ ಸೇರಿಸಿತು. 2017ರಲ್ಲಿ ವೇಗಕ್ಕಾಗಿ ಪ್ರತಿ ಥ್ರೆಡ್‌ಗೂ ಟಿಕ್ಯಾಶ್ ಎಂಬ ದಾಸ್ತಾನು ಬಂದಾಗ ಅಂಥ ತಪಾಸಣೆಗಳು ಅದರಲ್ಲಿರಲಿಲ್ಲ. ಒಂದೇ ತುಂಡನ್ನು ಎರಡು ಸಲ ಹಿಂದಿರುಗಿಸಿದರೂ ಅದು ಒಪ್ಪಿಕೊಳ್ಳುತ್ತಿತ್ತು. 2019ರಲ್ಲಿ ಅದಕ್ಕೊಂದು ಪರೀಕ್ಷೆ, 2020ರಲ್ಲಿ ಪಾಯಿಂಟರನ್ನು ಅದು ಇರುವ ವಿಳಾಸದ ಮೇಲಿನ ಬಿಟ್‌ಗಳೊಂದಿಗೆ ಬೆರೆಸಿ ಮರೆಮಾಡುವ ಉಪಾಯ ಸೇರಿದವು. ಇವೆಲ್ಲವೂ ಜಾಣ ತೇಪೆಗಳೇ. ಲೆಕ್ಕ ಮಾತ್ರ ಇದ್ದಲ್ಲೇ ಇದೆ.

ಖಾತೆ ಪುಸ್ತಕದ ದಾರಿ ಹಿಡಿದವರಿಗೆ ಮೊದಲು ಹೊಳೆದ ಕಾರಣ ಭದ್ರತೆಯಲ್ಲ. ಪೌಲ್-ಹೆನ್ನಿಂಗ್ ಕಾಂಪ್ ಫ್ರೀಬಿಎಸ್‌ಡಿಗಾಗಿ ಬರೆದ ಅಲೋಕೇಟರ್‌ನ ಚಿಂತೆ ಪುಟ ವಿನಿಮಯದ್ದು: ಖಾಲಿ ತುಂಡುಗಳ ಒಳಗೇ ಸರಪಳಿ ಇದ್ದರೆ, ಅದನ್ನು ಹುಡುಕುತ್ತಾ ಹೋಗುವಾಗ ಡಿಸ್ಕಿಗೆ ಹೋಗಿದ್ದ ಪುಟಗಳನ್ನೆಲ್ಲ ವೃಥಾ ಮರಳಿ ತರಬೇಕಾಗುತ್ತದೆ. ಲೆಕ್ಕವನ್ನು ಬೇರೆಡೆ ಇಟ್ಟಾಗ ಆ ಕಾಟ ತಪ್ಪಿತು. ಜೊತೆಗೆ, ತನ್ನದಲ್ಲದ ವಿಳಾಸವನ್ನು ಹಿಂದಿರುಗಿಸುವಂಥ ತಪ್ಪುಗಳನ್ನೂ ಅಲೋಕೇಟರ್ ಗುರುತಿಸತೊಡಗಿತು. ಓಪನ್‌ಬಿಎಸ್‌ಡಿ 2008ರ ಹೊಸ ಬರವಣಿಗೆಯಲ್ಲಿ ಇದೇ ವಿಂಗಡಣೆಯನ್ನು ರಕ್ಷಣೆಯ ಸಾಧನವನ್ನಾಗಿ ಬೆಳೆಸಿತು. ಈ ದಾರಿಗೂ ಸುಂಕವಿದೆ. ವಿಳಾಸದಿಂದ ಲೆಕ್ಕವನ್ನು ಹುಡುಕಿ ತೆಗೆಯಬೇಕು, ಅದಕ್ಕೆ ಹ್ಯಾಶ್ ಕೋಷ್ಟಕವೋ ಮರದಂಥ ರಚನೆಯೋ ಬೇಕು, ಪ್ರತಿ ಹುಡುಕಾಟವೂ ಪ್ರೊಸೆಸರ್‌ನ ಕ್ಯಾಶ್ ಮೇಲೆ ಹೊರೆ. ಹಾಗಿದ್ದರೂ ಹೊರಗಿನಿಂದ ಬಂದ ದತ್ತಾಂಶವನ್ನು ಸಂಸ್ಕರಿಸುವ ಯಾವ ಪ್ರೋಗ್ರಾಮಿಗೂ ಈ ಸುಂಕ ದುಬಾರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಸ್ಯೆಯ ಬೇರು ಫ್ರೀಯ ಸ್ವರೂಪದಲ್ಲೇ ಇದೆ ಎನ್ನುವುದಕ್ಕೆ ಸೋಲಾರಿಸ್ ಕರ್ನೆಲ್ ಸಾಕ್ಷಿ. ಅಲ್ಲಿ ಮೆಮೊರಿ ಹಿಂದಿರುಗಿಸುವವನು ವಿಳಾಸದೊಂದಿಗೆ ಗಾತ್ರವನ್ನೂ ಹೇಳಬೇಕು. ಜೆಫ್ ಬಾನ್‌ವಿಕ್ 1994ರಲ್ಲಿ ವಿವರಿಸಿದ ಸ್ಲ್ಯಾಬ್ ಅಲೋಕೇಟರ್‌ಗೆ ತುಂಡುತುಂಡಿಗೂ ಗಾತ್ರ ಬರೆದಿಡುವ ಅಗತ್ಯ ಬೀಳದಿರಲು ಇದೂ ಒಂದು ಕಾರಣ. ಸಿ++ 2014ರ ಮಾನಕದಲ್ಲಿ ಗಾತ್ರಸಹಿತ ವಿಸರ್ಜನೆಯನ್ನು ಒಪ್ಪಿಕೊಂಡಿತು. ರಸ್ಟ್‌ನಲ್ಲಿ ಅದು ಮೊದಲಿನಿಂದಲೂ ಅಲೋಕೇಟರ್ ಒಪ್ಪಂದದ ಭಾಗ. ಸಿ ಭಾಷೆಗೆ ಇಂಥದೊಂದು ಫಲನ ಸೇರಿದ್ದು ಸಿ23 ಮಾನಕದಲ್ಲಿ, ಹಳೆಯ ಫ್ರೀಯನ್ನು ಉಳಿಸಿಕೊಂಡೇ. ಹೊಸ ಫಲನಕ್ಕೆ ತಪ್ಪು ಗಾತ್ರ ಹೇಳಿದರೆ ಏನಾಗುತ್ತದೆಂದು ಮಾನಕ ವಿಧಿಸಿಲ್ಲ. ಆದ್ದರಿಂದ ಆ ಮಾತನ್ನು ನಂಬದೆ ಪರಿಶೀಲಿಸಬಯಸುವ ಅಲೋಕೇಟರ್ ತನ್ನದೇ ಆದ ಲೆಕ್ಕವನ್ನು, ಬಳಕೆದಾರನ ಕೈಗೆ ಎಟುಕದ ಕಡೆ, ಈಗಲೂ ಇಟ್ಟುಕೊಳ್ಳಬೇಕಾಗಿದೆ.