ಜಂಕ್ ಗುಂಡಿಯ ಏಳುಬೀಳು

1998ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ವ್ಯಾಪಾರ ಜೋರಾಗಿದ್ದಾಗ, ಅಮೆರಿಕದ ಬ್ಲೂ ಮೌಂಟನ್ ಆರ್ಟ್ಸ್ ಎಂಬ ಶುಭಾಶಯ ಪತ್ರಗಳ ಕಂಪನಿ ಮೈಕ್ರೋಸಾಫ್ಟಿನ ವಿರುದ್ಧ ಕ್ಯಾಲಿಫೋರ್ನಿಯಾದ ಕೋರ್ಟಿನ ಮೆಟ್ಟಿಲೇರಿತು. ತಕರಾರು ಇದು: ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಪರೀಕ್ಷಾ ಆವೃತ್ತಿಯ ಜೊತೆ ಬಂದಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್, ಜನ ಒಬ್ಬರಿಗೊಬ್ಬರು ಕಳಿಸಿಕೊಂಡ ಇ-ಕಾರ್ಡುಗಳನ್ನೂ ಜಂಕ್ ಫೋಲ್ಡರಿಗೆ ತಳ್ಳುತ್ತಿತ್ತು. ಮೈಕ್ರೋಸಾಫ್ಟ್ ಅದೇ ಸುಮಾರಿಗೆ ತನ್ನದೇ ಇ-ಕಾರ್ಡ್ ಸೇವೆ ತೆರೆದಿತ್ತು, ಹಾಗಾಗಿ ಅನುಮಾನಕ್ಕೆ ಕಾರಣವೂ ಇತ್ತು. ಬೇಕೆಂದು ಮಾಡಿದ್ದಲ್ಲ ಎಂದು ಮೈಕ್ರೋಸಾಫ್ಟ್ ವಾದಿಸಿತು. ಕೋರ್ಟಿನ ತಾತ್ಕಾಲಿಕ ಆದೇಶ ಕಾರ್ಡ್ ಕಂಪನಿಯ ಪರವಾಗಿ ಬಂತು.

ಯಾವ ಮೇಲ್ ಕಸ, ಯಾವುದು ಕಾಗದ ಎಂದು ತೀರ್ಮಾನಿಸುವವರು ಯಾರು? ಮೇಲ್ ಪ್ರೋಗ್ರಾಮಿನ ಸೆಟ್ಟಿಂಗ್ಸ್ ಕಿಟಕಿಯ ಇತಿಹಾಸವೆಲ್ಲ ಈ ಜಗಳದ ಸುತ್ತಲೇ ಇದೆ.

ಮೊದಮೊದಲು ಕಸ ಸೋಸುವ ಫಿಲ್ಟರಿನ ಅಗತ್ಯವೇ ಬೀಳಲಿಲ್ಲ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್, ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಏಟಿಗೆ ಮೇಲ್ ಕಳಿಸಿದರು. ಪತ್ರದ ತಲೆಯಲ್ಲಿ ಅಷ್ಟೊಂದು ವಿಳಾಸ ಹಿಡಿಸದೆ, ಉಳಿದವು ಪತ್ರದ ಒಡಲಿಗೇ ಸುರಿದುಕೊಂಡಿದ್ದವು. ಜಾಲವನ್ನು ನೋಡಿಕೊಳ್ಳುತ್ತಿದ್ದ ರಕ್ಷಣಾ ಇಲಾಖೆಯವರು ಗದರಿಸಿದರು, ಪ್ರಕರಣ ಅಲ್ಲಿಗೆ ಮುಗಿಯಿತು. 1994ರ ಏಪ್ರಿಲಿನಲ್ಲಿ ಅರಿಜೋನಾದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾಜಾಲದ ಸಾವಿರಾರು ಗುಂಪುಗಳಿಗೆ ಸುರಿದಾಗ ಮಾತ್ರ ಗದರಿಕೆ ನಾಟಲಿಲ್ಲ. ಬೈಸಿಕೊಂಡವರು ಆ ವಿದ್ಯೆಯ ಮೇಲೆ ಪುಸ್ತಕವನ್ನೇ ಬರೆದರು!

ಆ ಕಾಲದ ಜನಪ್ರಿಯ ಮೇಲ್ ಪ್ರೋಗ್ರಾಂ ಯುಡೋರಾ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡಾರ್ನರ್ 1988ರಲ್ಲಿ ಬರೆದದ್ದು. ಅದರ ಫಿಲ್ಟರ್ ಕಿಟಕಿಯಲ್ಲಿ ಬಳಕೆದಾರನೇ ಕಾನೂನು ಬರೆಯಬೇಕಿತ್ತು: ವಿಷಯದ ಸಾಲಿನಲ್ಲಿ ಇಂಥ ಪದವಿದ್ದರೆ ಇಂಥ ಡಬ್ಬಿಗೆ ಹಾಕು. ಕಚೇರಿ ಮೇಲ್ ವಿಂಗಡಿಸಲು ಇದು ಅಚ್ಚುಕಟ್ಟು. ಸ್ಪ್ಯಾಮ್ ಎಂಬ ಕಸದ ಮೇಲಿನೆದುರು ಮಾತ್ರ ಸೋಲು ಖಾತ್ರಿ, ಏಕೆಂದರೆ ಇವತ್ತು ತಡೆದ ವಿಳಾಸದಿಂದ ನಾಳೆ ಯಾರೂ ಬರೆಯುವುದಿಲ್ಲ. ಅದೂ ಅಲ್ಲದೆ ಈ ಫಿಲ್ಟರುಗಳು ಕೆಲಸ ಶುರುಮಾಡುತ್ತಿದ್ದುದು ಮೇಲ್ ಕಂಪ್ಯೂಟರಿಗೆ ಇಳಿದ ಮೇಲೆ. 1995ರ ಆಗಸ್ಟ್ 15ರಂದು ಸರ್ಕಾರಿ ಸ್ವಾಮ್ಯದ ವಿಎಸ್‌ಎನ್‌ಎಲ್ ಇಂಟರ್ನೆಟ್ ಸೇವೆ ಆರಂಭಿಸಿದ ನಂತರ ಮೋಡೆಮ್ ಹಚ್ಚಿ ಕೂತ ಭಾರತದ ಗಿರಾಕಿಗೆ, ಕಸವನ್ನು ಇಳಿಸಿಕೊಂಡ ನಿಮಿಷಗಳಿಗೂ ಟೆಲಿಫೋನ್ ಬಿಲ್ ಬೀಳುತ್ತಿತ್ತು.

ಮೈಕ್ರೋಸಾಫ್ಟಿನ ಔಟ್‌ಲುಕ್ ಇನ್ನೊಂದು ದಾರಿ ಹಿಡಿಯಿತು. ಕಾನೂನನ್ನು ಕಂಪನಿಯೇ ಬರೆದು ಕೊಡುವುದು. ಆ ನಿಯಮಗಳ ವಿವರ ಪ್ರೋಗ್ರಾಮಿನ ಜೊತೆಗೇ ಬರುತ್ತಿದ್ದ ಫಿಲ್ಟರ್ಸ್.ಟಿಎಕ್ಸ್‌ಟಿ ಎಂಬ ಕಡತದಲ್ಲಿತ್ತು. ನೋಟ್‌ಪ್ಯಾಡಿನಲ್ಲಿ ಯಾರು ಬೇಕಾದರೂ ತೆರೆದು ಓದಬಹುದಿತ್ತು. ಒಡಲಿನಲ್ಲಿ ‘ಎಕ್ಸ್‌ಟ್ರಾ ಇನ್‌ಕಮ್’ ಇದ್ದರೆ ಜಂಕ್. ‘ಮನಿ ಬ್ಯಾಕ್’ ಇದ್ದರೆ ಜಂಕ್. ವಿಷಯದ ಸಾಲಿನಲ್ಲಿ ಆಶ್ಚರ್ಯಸೂಚಕವೂ ಡಾಲರ್ ಚಿಹ್ನೆಯೂ ಒಟ್ಟಿಗೆ ಕಂಡರೆ ಜಂಕ್. ಓದಿದರೆ ಈಗ ನಗು ಬರುತ್ತದೆ. ಗಿರಾಕಿ ಓದಬಲ್ಲ ಪಟ್ಟಿಯನ್ನು ಸ್ಪ್ಯಾಮ್ ಕಳಿಸುವವನೂ ಓದಬಲ್ಲ, ಎರಡು ಪದ ತಿದ್ದಿ ನುಸುಳಬಲ್ಲ. ಸಿಕ್ಕಿಬೀಳುವವರು ಕಾರ್ಡ್ ಕಂಪನಿಯಂಥ ಸಾಚಾಗಳು.

ಪದಪಟ್ಟಿ ಬಿಟ್ಟು ಸಂಭವನೀಯತೆಯ ಲೆಕ್ಕ ಹಿಡಿಯಬಹುದೆಂದು 1998ರಲ್ಲೇ ಮೆಹ್ರಾನ್ ಸಹಾಮಿ ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಗಡಿಗರು ಪ್ರಬಂಧ ಮಂಡಿಸಿದ್ದರು. ಆಧಾರ, 18ನೇ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯ್ಸ್‌ನ ಸೂತ್ರ. ಆದರೆ ಈ ವಿಧಾನ ಮನೆಮಾತಾದದ್ದು 2002ರ ಆಗಸ್ಟಿನಲ್ಲಿ, ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ‘ಎ ಪ್ಲಾನ್ ಫಾರ್ ಸ್ಪ್ಯಾಮ್’ ಲೇಖನದಿಂದ. ಗ್ರಹಾಂ ಸುಮಾರು 4,000 ಸ್ಪ್ಯಾಮ್, ಸುಮಾರು 4,000 ಒಳ್ಳೆಯ ಮೇಲ್ ಎರಡು ರಾಶಿ ಮಾಡಿ, ಯಾವ ಪದ ಎಲ್ಲಿ ಎಷ್ಟು ಸಲ ಬಂದಿದೆಯೆಂದು ಎಣಿಸಿದರು. ಹೊಸ ಮೇಲ್ ಬಂದರೆ ಅದರಲ್ಲಿ ಅತಿ ಹೆಚ್ಚು ಸುಳಿವು ಕೊಡುವ 15 ಪದಗಳನ್ನಷ್ಟೇ ಹೆಕ್ಕಿ ಲೆಕ್ಕ ಕೂಡಿಸುವುದು, 0.9 ದಾಟಿದರೆ ಸ್ಪ್ಯಾಮ್. ಒಳ್ಳೆಯ ಮೇಲ್ ತಪ್ಪಿ ಹೋಗಬಾರದೆಂದು ಆ ರಾಶಿಯ ಎಣಿಕೆಯನ್ನು ದುಪ್ಪಟ್ಟು ಮಾಡಿದ್ದರು. ಅಶ್ಲೀಲ ಪದಗಳಷ್ಟೇ ಗಟ್ಟಿಯಾದ ಸಾಕ್ಷಿಯಾಗಿ ಹೊರಬಂದದ್ದು ‘ಎಫ್‌ಎಫ್0000’, ಅಂದರೆ ಎಚ್‌ಟಿಎಂಎಲ್‌ನಲ್ಲಿ ಪ್ರಖರ ಕೆಂಪು ಬಣ್ಣದ ಸಂಕೇತ. ಕೂತು ಯೋಚಿಸಿ ಪಟ್ಟಿ ಬರೆಯುವ ಯಾವ ಎಂಜಿನಿಯರಿಗೂ ಅದು ಹೊಳೆಯುತ್ತಿರಲಿಲ್ಲ.

ಇದರಲ್ಲಿ ಇನ್ನೊಂದು ಜಾಣತನವಿತ್ತು. ಎಣಿಕೆ ಅವರವರ ಅಂಚೆಯದ್ದು. ಔಷಧ ವ್ಯಾಪಾರಿಗೆ ಮಾತ್ರೆಯ ಹೆಸರು ದಿನನಿತ್ಯದ ಮಾತು, ಗಣಿತದ ಮೇಷ್ಟ್ರಿಗೆ ಅದು ಕಸ. ಇಬ್ಬರ ಫಿಲ್ಟರೂ ಬೇರೆ ಬೇರೆ. ಸ್ಪ್ಯಾಮ್ ಕಳಿಸುವವನಿಗೆ ಓದಿಕೊಳ್ಳಲು ಒಂದೇ ಪಟ್ಟಿ ಇಲ್ಲ.

ಮುಂದಿನ ಒಂದೆರಡು ವರ್ಷ ಸೆಟ್ಟಿಂಗ್ಸ್ ಕಿಟಕಿಗಳಿಗೆ ಸುಗ್ಗಿ. 2002ರ ಅದೇ ಆಗಸ್ಟಿನಲ್ಲಿ ಬಂದ ಆ್ಯಪಲ್ ಮೇಲ್‌ನ ಹೊಸ ಆವೃತ್ತಿ, ಬೇರೆ ಗಣಿತ ಬಳಸಿದರೂ, ಬಳಕೆದಾರನಿಂದಲೇ ಕಲಿಯುತ್ತಿತ್ತು. ಕಲಿಯುವ ಹಂತದಲ್ಲಿ ಅನುಮಾನದ ಮೇಲ್‌ಗಳಿಗೆ ಕಂದು ಬಣ್ಣ ಬಳಿದು ಇನ್‌ಬಾಕ್ಸಿನಲ್ಲೇ ಬಿಡುತ್ತಿತ್ತು. 2003ರ ಮಾರ್ಚಿನ ಮೊಜಿಲ್ಲಾ 1.3 ಬೇಯ್ಸ್ ಲೆಕ್ಕವನ್ನು ಒಳಗೇ ಸೇರಿಸಿಕೊಂಡಿತು, ಅದರಿಂದ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮಿಗೆ ಬಂತು. ಯುಡೋರಾ 6 ಪ್ರತಿ ಮೇಲ್‌ಗೂ 100ಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಎಷ್ಟಕ್ಕೆ ಜಂಕ್ ಅನ್ನಬೇಕೆಂಬುದನ್ನು ಬಳಕೆದಾರನಿಗೆ ಬಿಟ್ಟಿತು. ಅಂದಹಾಗೆ, ಬಿರುನುಡಿಯ ಮೇಲ್ ಬರೆದರೆ ಖಾರಕ್ಕೆ ತಕ್ಕಂತೆ ಮೆಣಸಿನಕಾಯಿ ಚಿತ್ರ ತೋರಿಸಿ ಎಚ್ಚರಿಸುವ ಸೌಲಭ್ಯವೂ ಇದೇ ಯುಡೋರಾದಲ್ಲಿತ್ತು. ಅದನ್ನು ಎಲ್ಲರೂ ಕೈಬಿಟ್ಟದ್ದು ನಷ್ಟವೇ.

ಔಟ್‌ಲುಕ್ 2003 ಮಾತ್ರ ಕಲಿಯುವ ಗೋಜಿಗೆ ಹೋಗಲಿಲ್ಲ. ಮೈಕ್ರೋಸಾಫ್ಟ್ ತರಬೇತಿ ಕೊಟ್ಟು ಕಳಿಸಿದ ಫಿಲ್ಟರಿಗೆ ಕಡಿಮೆ, ಹೆಚ್ಚು, ನಂಬಿದವರ ಪಟ್ಟಿ ಮಾತ್ರ ಎಂಬ ಮಟ್ಟಗಳು. ಮುಂದೆ ಬೇಡದ ಲಿಪಿಸಂಕೇತಗಳ ಮೇಲ್ ತಡೆಯುವ ಪಟ್ಟಿಯೂ ಬಂತು. ಯುನಿಕೋಡ್ ಆ ಪಟ್ಟಿಯಲ್ಲಿರಲಿಲ್ಲ, ಹಾಗಾಗಿ ಯುನಿಕೋಡಿನ ಕನ್ನಡ ಬಚಾವಾಯಿತು. ಎರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ತೀರುತ್ತದೆಂದು ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ 2004ರ ಜನವರಿಯಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯಲ್ಲಿ ಭವಿಷ್ಯ ನುಡಿದರು. ತೀರಲಿಲ್ಲ. ಸ್ಪ್ಯಾಮಿಗರು ಜಾಹೀರಾತಿನ ಕೆಳಗೆ ನಿಘಂಟಿನ ಪದಗಳನ್ನು ಚೆಲ್ಲಿದರು, ಅಕ್ಷರದ ಜಾಗಕ್ಕೆ ಅಂಕಿ ತುರುಕಿದರು, 2006ರ ಸುಮಾರಿಗೆ ಪದಗಳೇ ಇಲ್ಲದಂತೆ ಇಡೀ ಜಾಹೀರಾತನ್ನು ಚಿತ್ರವಾಗಿಸಿದರು.

ಡೆಸ್ಕ್‌ಟಾಪ್ ಫಿಲ್ಟರನ್ನು ಮೂಲೆಗೆ ಸರಿಸಿದ್ದು ಮಾತ್ರ ಸ್ಪ್ಯಾಮಿಗರಲ್ಲ, ಸರ್ವರುಗಳು. ಜಿಮೇಲ್‌ನಂಥ ಸೇವೆಗಳಿಗೆ ಕೋಟಿಗಟ್ಟಲೆ ಜನರ ಅಂಚೆ ಒಟ್ಟಿಗೆ ಕಾಣುತ್ತದೆ. ಕಸ ಬಳಕೆದಾರನ ಕಂಪ್ಯೂಟರಿಗೆ ಇಳಿಯುವ ಮುಂಚೆಯೇ ಅಲ್ಲಿ ಸೋಸಿಹೋಗುತ್ತದೆ. 2016ರ ನವೆಂಬರ್ 1ರಿಂದ ಮೈಕ್ರೋಸಾಫ್ಟ್ ಔಟ್‌ಲುಕ್ ಫಿಲ್ಟರಿಗೆ ಹೊಸ ಮಾಹಿತಿ ಕಳಿಸುವುದನ್ನು ನಿಲ್ಲಿಸಿತು. ಥಂಡರ್‌ಬರ್ಡಿನಲ್ಲಿ ಖಾತೆಯ ಸೆಟ್ಟಿಂಗ್ಸಿಗೆ ಹೋದರೆ ಹಳೆಯ ಏರ್ಪಾಡು ಈಗಲೂ ಸಿಗುತ್ತದೆ. ಕಲಿತದ್ದೆಲ್ಲ ಟ್ರೇನಿಂಗ್.ಡ್ಯಾಟ್ ಎಂಬ ಕಡತದಲ್ಲಿ, ಬಳಕೆದಾರನ ಸ್ವಂತ ಡಿಸ್ಕಿನ ಮೇಲೆ. ಅದು ಸರಿಯಾಗಿ ನಡೆಯಬೇಕಾದರೆ ಕಸಕ್ಕೆ ಜಂಕ್ ಗುಂಡಿ ಒತ್ತಿದರೆ ಸಾಲದು, ಒಳ್ಳೆಯದನ್ನೂ ಜಂಕ್ ಅಲ್ಲವೆಂದು ಗುರುತು ಮಾಡಿ ತೋರಿಸಬೇಕು. ಬಹಳ ಜನ ಈ ಎರಡನೆಯದನ್ನು ಮಾಡದೆಯೇ ಫಿಲ್ಟರನ್ನು ಬೈಯುತ್ತಾರೆ.