ಕಸವೆನಿಸಿದ ಖನಿಜ: ಬೆಸುಗೆಯ ಚರಿತ್ರೆಯಲ್ಲೊಂದು ವಿಚಾರ

ವಿದ್ಯುತ್ ಬೆಸುಗೆಯಲ್ಲಿ ಬಳಸುತ್ತಿದ್ದ ಬರಿಯ ಕಬ್ಬಿಣದ ತಂತಿಗೆ ಖನಿಜಗಳ ಲೇಪವನ್ನು ಕೊಟ್ಟು, 1907ರಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್‌ಬೆರಿಯು ದೊಡ್ಡ ಕೊರತೆಯೊಂದನ್ನು ನೀಗಿದನು. ಈ ಲೇಪವು ಕರಗಿ, ಕಾದ ಲೋಹವನ್ನು ಗಾಳಿಯಿಂದ ಕಾಪಾಡುವುದು. ಟೈಟೇನಿಯಮ್ ಖನಿಜಗಳು ಇದಕ್ಕೆ ಬಹು ಉಪಯುಕ್ತವೆಂದು ಬಳಿಕ ಕಂಡುಬಂದಿತು.

ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ ಗೊಬ್ಬರಕ್ಕಾಗಿ ಅಪಟೈಟ್ ಅದಿರನ್ನು ಅಗೆಯುವ ಕೆಲಸವು 1929ರಲ್ಲಿ ಮೊದಲಾಯಿತು. ಅಪಟೈಟನ್ನು ಬೇರ್ಪಡಿಸಿದ ಮೇಲೆ, ಟೈಟೇನಿಯಮ್ ಉಳ್ಳ ಸ್ಫೀನ್ ಬಹುಮಟ್ಟಿಗೆ ತಿಪ್ಪೆಯ ಪಾಲಾಯಿತು. ಅದಿರಿನ ಸರ್ವಾಂಶವನ್ನೂ ಬಳಸಬೇಕೆಂದು ಭೂರಸಾಯನಜ್ಞ ಫರ್ಸ್‌ಮನ್ 1930ರ ದಶಕದಲ್ಲಿಯೇ ವಾದಿಸಿದ್ದನು. ಮುಂದೆ ಅಪಾಟಿಟಿ ನಗರದ ರಸಾಯನಜ್ಞರು ಸ್ಫೀನಿನಿಂದ ಎಲೆಕ್ಟ್ರೋಡಿನ ಲೇಪದ್ರವ್ಯವನ್ನು ಸಿದ್ಧಪಡಿಸಿದರು.

ಆದರೆ ಆ ಗಣಿಗಳಲ್ಲಿ ಮೊದಲು ದುಡಿದವರಲ್ಲಿ ಅನೇಕರು ವರ್ಗಶತ್ರುಗಳೆಂದು ಊರಿನಿಂದ ಅಟ್ಟಲ್ಪಟ್ಟ ರೈತರೆಂಬುದನ್ನು ನಾವು ಮರೆಯಲಾಗದು. ಕಸವೆಂಬುದು ವಸ್ತುವಿನ ಗುಣವಲ್ಲ, ಎಣಿಸುವವರ ತೀರ್ಪು. ಕಲ್ಲಿನ ವಿಷಯದಲ್ಲಿ ಆ ತೀರ್ಪನ್ನು ತಿದ್ದಬಹುದು. ಮನುಷ್ಯರ ವಿಷಯದಲ್ಲಿ ತಿದ್ದುವಷ್ಟರಲ್ಲಿ ಕಾಲ ಮೀರಿರುತ್ತದೆ.